ನೂರಾ ಹದಿನೆಂಟು, ಎಪ್ಪತ್ತಾರು

ಹತ್ತಿಯ ಸುರುಳಿ ಬಿಡಿಸಿ, ತುಂಡು ಮಾಡಿ, ಉಂಡೆ ಕಟ್ಟಿ ಡಬ್ಬಿಗೆ ತುಂಬಿಡುವುದು ನಮ್ಮ ವಾರ್ಡಿನಲ್ಲಿ ಬೆಳಗಿನ ಪಾಳಿಯವರ ಕೆಲಸ. ಯಾರಿಗೂ ಬೇಡವಾದ ಕೆಲಸ ಅದು. ನಾನು ಮಾತ್ರ ಕೇಳಿ ಪಡೆದು ಮಾಡುತ್ತೇನೆ. ಕೈಗೆ ಹತ್ತಿ ಸಿಕ್ಕಿತೆಂದರೆ ಮನಸ್ಸು ನನ್ನ ಮಾತು ಕೇಳುವುದಿಲ್ಲ, ನೆಟ್ಟಗೆ ದಾವಣಗೆರೆ ಹತ್ತಿರದ ನನ್ನ ತವರು ಲೋಕಿಕೆರೆಗೆ ಹೋಗಿ ಕೂತುಬಿಡುತ್ತದೆ. ಯಾಕೆಂದರೆ ನನ್ನ ಬಾಲ್ಯ ಕಳೆದದ್ದೇ ಎಡಗಿವಿಯಲ್ಲಿ ಹತ್ತಿ ಇಟ್ಟುಕೊಂಡು.

ಒಂದು ಕಾಲಕ್ಕೆ ದಾವಣಗೆರೆ ಪೂರ್ತಿ ಹತ್ತಿಯ ಊರಾಗಿತ್ತಂತೆ. ಗಿರಣಿಗಳ ಸೈರನ್ನಿಗೆ ಜನ ಏಳುತ್ತಿದ್ದರಂತೆ, ಉಣ್ಣುತ್ತಿದ್ದರಂತೆ. ಆ ಸೈರನ್ನು ಕೇಳುವ ಭಾಗ್ಯ ನನಗೆ ಬರಲಿಲ್ಲ. ನಾನು ಬುದ್ಧಿ ತಿಳಿಯುವಷ್ಟರಲ್ಲಿ ಗಿರಣಿಗಳು ಬಾಗಿಲು ಹಾಕಿದ್ದವು. ಹಾಕಿರದಿದ್ದರೂ ಎಡಗಡೆಯಿಂದ ಕೂಗಿದ್ದರೆ ನನಗೇನೂ ಗೊತ್ತಾಗುತ್ತಿರಲಿಲ್ಲ ಬಿಡಿ.

ನನಗಾಗ ಏಳೋ ಎಂಟೋ ವರ್ಷ. ಚಾನಲ್ಲಿಗೆ, ಅಂದರೆ ಊರ ಪಕ್ಕದ ಕಾಲುವೆಗೆ, ನೀರು ಬಿಟ್ಟರೆಂದರೆ ನಮ್ಮೂರಿನ ಎಮ್ಮೆಗಳು, ಹುಡುಗರು, ತೊಳೆಯುವ ಬಟ್ಟೆಗಳು ಎಲ್ಲವೂ ಒಟ್ಟಿಗೇ ಇಳಿಯುತ್ತಿದ್ದವು. ಒಂದು ಬೇಸಿಗೆಯಲ್ಲಿ ನಾನು ಎಮ್ಮೆಗಿಂತ ಹೆಚ್ಚು ಹೊತ್ತು ನೀರಿನಲ್ಲಿದ್ದೆ. ವಾರ ಕಳೆಯುವಷ್ಟರಲ್ಲಿ ಎಡಗಿವಿ ಸೋರತೊಡಗಿತು. ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಳು, ಕಿವಿ ಸೋರಿತು. ಯಾವುದೋ ಸೊಪ್ಪಿನ ರಸ ಹಿಂಡಿದಳು, ಇನ್ನೂ ಚೆನ್ನಾಗಿ ಸೋರಿತು. ಕೊನೆಗೆ ಹತ್ತಿಯ ಉಂಡೆಯೊಂದನ್ನು ತುರುಕಿ, "ಇರ್ಲಿ ಬಿಡು, ಇನ್ನೊಂದು ಐತಲ್ಲ" ಎಂದು ಸಮಾಧಾನ ಮಾಡಿ ರೊಟ್ಟಿ ಬಡಿಯಲು ಹೋದಳು.

ಶಾಲೆಯಲ್ಲಿ ನನ್ನ ಹೆಸರು ಸುಜಾತ ಹೋಗಿ 'ಅರಳೆ ಸುಜಾತ' ಆಯಿತು. ನಾನು ಬೆಂಚಿನ ಎಡತುದಿಯಲ್ಲೇ ಕೂರುತ್ತಿದ್ದೆ, ಇಡೀ ತರಗತಿ ನನ್ನ ಬಲಕ್ಕೆ ಬರಲಿ ಎಂದು. ಹತ್ತಿ ತೆಗೆಯುವ ವಯಸ್ಸು ಬಂದಾಗ ಅವ್ವ ಕಿವಿಯ ಬಳಿ, ಅದೂ ಬಲಗಿವಿಯ ಬಳಿ, ಬಂದು ಹೇಳಿದಳು: "ಕಿವಿ ಕೇಳ್ಸಲ್ಲ ಅಂತ ಯಾರ ಮುಂದಾನೂ ಬಾಯಿ ಬಿಡಬ್ಯಾಡ. ಹೆಣ್ಣು ನೋಡಾಕೆ ಬರೋರು ಅರ್ಧ ದಾರಿಯಿಂದ ವಾಪಸ್ ಹೋಗ್ತಾರೆ."

ಅಂದಿನಿಂದ ನಾನು ಗುಟ್ಟು ಕಾಯುವ ಕೆಲಸಕ್ಕೆ ಸೇರಿದೆ. ಕೇಳಿಸದಿದ್ದಾಗ ನಗುವುದು, ತಲೆ ಆಡಿಸುವುದು, "ಹ್ಞೂಂ" ಎನ್ನುವುದು. ಈ ಮೂರರಲ್ಲೇ ಜೀವನ ಸಾಗಿಸಬಹುದು ಎಂದರೆ ನೀವು ನಂಬಲಿಕ್ಕಿಲ್ಲ. ಹರಿಹರದಿಂದ ನನ್ನನ್ನು ನೋಡಲು ಬಂದ ಹುಡುಗ ಎಡಗಡೆ ಕೂತು ಮೆಲ್ಲಗೆ ಏನೋ ಕೇಳಿದ. ನಾನು ನಕ್ಕು ತಲೆ ಆಡಿಸಿದೆ. ಅವನ ಮುಖ ಬಾಡಿತು. ಮದುವೆಯಾಗಿ ಎಷ್ಟೋ ದಿನಗಳ ಮೇಲೆ ಗೊತ್ತಾಯಿತು, ಅವನು ಕೇಳಿದ್ದು "ಮನೆಯವ್ರು ಬಲವಂತ ಮಾಡಿ ಒಪ್ಪಿಸ್ಯಾರಾ?" ಎಂದು. ಹಾಗಿದ್ದೂ ಮದುವೆಯಾದ ಪುಣ್ಯಾತ್ಮ ನನ್ನ ಗಂಡ ಮಂಜುನಾಥ. ಅವನಿಗೆ ಕಿವಿಯ ವಿಷಯ ಹೇಳಿದೆ. ಬೇರೆ ಯಾರಿಗೂ ಹೇಳಲಿಲ್ಲ.

ಈ ಪುರಾಣವನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಇಷ್ಟು ವರ್ಷ ನಗು ತರಿಸುತ್ತಿದ್ದ ಈ ಗುಟ್ಟು ಒಂದು ದಿನ ಒಂದು ಜೀವದ ಮೇಲೆ ಬಂತು.

ಅತ್ತೆ ಹಾಸಿಗೆ ಹಿಡಿದಾಗ ಎರಡು ವರ್ಷ ನಾನೇ ನೋಡಿಕೊಂಡಿದ್ದೆ. ಮಗ್ಗುಲು ತಿರುಗಿಸುವುದು, ಮೈ ಒರೆಸುವುದು, ಹುಣ್ಣಾಗದಂತೆ ಬೆನ್ನಿಗೆ ಪೌಡರ್ ಹಚ್ಚುವುದು ಎಲ್ಲ ಕೈಗೆ ಬಂದಿತ್ತು. ಅವರು ಹೋದ ಮೇಲೆ ಮಗಳೂ ಹೈಸ್ಕೂಲು ಸೇರಿದಳು, ನನ್ನ ಕೈ ಖಾಲಿಯಾಯಿತು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ 'ನರ್ಸಿಂಗ್ ಅಸೋಸಿಯೇಟ್ ತರಬೇತಿ, ಒಂದು ವರ್ಷ' ಎಂಬ ಬೋರ್ಡು ಕಂಡಿತು. ನರ್ಸ್ ಅಲ್ಲ, ನರ್ಸಿನ ಕೈಕೆಳಗೆ ರೋಗಿಯ ಆರೈಕೆ ಮಾಡುವವರು. ಪಿಯುಸಿ ಆಗಿದ್ದರೆ ಸಾಕು. ಮೂವತ್ತಮೂರರಲ್ಲಿ ನಾನು ಹತ್ತೊಂಬತ್ತರ ಹುಡುಗಿಯರ ನಡುವೆ ಹೋಗಿ ಕೂತೆ, ಎಡತುದಿಯಲ್ಲಿ.

ಸೇರುವಾಗ ಆರೋಗ್ಯದ ಸರ್ಟಿಫಿಕೇಟು ಬೇಕಿತ್ತು. ಡಾಕ್ಟರು ಕಾಗದದಿಂದ ತಲೆ ಎತ್ತದೆ, "ಕಣ್ಣು, ಕಿವಿ ಎಲ್ಲ ಸರಿ ಅದಾವೇನಮ್ಮ?" ಎಂದರು. ಅವರ ಬಾಯಿಂದ 'ಕಿವಿ' ಬರುವ ಮೊದಲೇ ನಾನು "ಅದಾವ್ರಿ" ಎಂದಿದ್ದೆ. ಸಹಿ ಬಿತ್ತು. ಮೆಟ್ಟಿಲು ಇಳಿಯುವಾಗ ಆ ಕಾಗದವನ್ನು ಎರಡು ಸಲ ಮಡಚಿ ಬ್ಯಾಗಿನ ತಳಕ್ಕೆ ಹಾಕಿದೆ. ಹೊಸ ಕೆಲಸದ ಅಳುಕು ಎಂದುಕೊಂಡೆ.

ತರಗತಿಯಲ್ಲಿ ಮೊದಲ ತಿಂಗಳುಗಳು ಸುಖವಾಗಿ ಕಳೆದವು. ಕೆಳಗಿನಿಂದ ಬನ್ನಿನ ಪರಿಮಳ, ಮೇಲೆ ಫಿನಾಯಿಲ್ ವಾಸನೆ, ಇವೆರಡರ ನಡುವೆ ನಾವು ಹನ್ನೆರಡು ಜನ. ಹಾಸಿಗೆ ಹಾಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ರೇಷ್ಮಾ ಎಂಬ ಹುಡುಗಿ ನನ್ನ ಪಕ್ಕದಲ್ಲಿ ಕೂರುತ್ತಿದ್ದಳು. ಅವಳಿಗೆ ಎಲ್ಲದಕ್ಕೂ ನಗು. "ಸುಜಾತಕ್ಕ, ನಮ್ಮ ಅಮ್ಮಿ ಥರಾನೇ ಬೆಡ್‌ಶೀಟ್ ಮಡಚ್ತೀರಿ" ಎನ್ನುತ್ತಿದ್ದಳು. ಅವಳ ಅಮ್ಮಿಗಿಂತ ನಾನು ಎರಡೇ ವರ್ಷ ಚಿಕ್ಕವಳು ಎಂದು ಆಮೇಲೆ ತಿಳಿದು ಒಂದು ದಿನ ಅವಳೊಡನೆ ಮಾತು ಬಿಟ್ಟಿದ್ದೆ.

ನಮಗೆ ಪ್ರಾಕ್ಟಿಕಲ್ ಕಲಿಸಿದವರು ವಿಮಲಾ ಸಿಸ್ಟರ್. ಅದೇ ಬಡಾವಣೆಯ ಆಸ್ಪತ್ರೆಯೊಂದರಲ್ಲಿ ಹೆಂಗಸರ ವಾರ್ಡಿನ ಹೊಣೆ ಅವರದು. ಅವರು ಗಟ್ಟಿಯಾಗಿ ಬೈಯುವವರಲ್ಲ, ಮೆತ್ತಗೆ ಬೈಯುವವರು. ಆ ಬೈಗುಳ ನನಗೆ ಅರ್ಧವೇ ತಲುಪುತ್ತಿದ್ದುದರಿಂದ ಮೊದಮೊದಲು ಅವರ ಬಗ್ಗೆ ನನಗೆ ತುಂಬ ಒಳ್ಳೆಯ ಅಭಿಪ್ರಾಯವಿತ್ತು.

ಆಮೇಲೆ ಬಿ.ಪಿ. ನೋಡುವ ಪಾಠ ಬಂತು.

ನೀವು ಇದನ್ನು ಡಾಕ್ಟರ ಬಳಿ ನೋಡಿಯೇ ಇರುತ್ತೀರಿ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಾರೆ, ಮೊಣಕೈಯ ಒಳಬದಿಗೆ ಸ್ಟೆತಾಸ್ಕೋಪ್ ಇಟ್ಟು ಗಾಳಿಯನ್ನು ಮೆಲ್ಲಗೆ ಬಿಡುತ್ತಾರೆ. ಪಾದರಸ ಇಳಿಯುತ್ತಾ ಬರುತ್ತದೆ. ಒಂದು ಕಡೆ ರಕ್ತ ಬಡಿಯುವ ಸದ್ದು ಕೇಳತೊಡಗುತ್ತದೆ, ಇನ್ನೊಂದು ಕಡೆ ನಿಲ್ಲುತ್ತದೆ. ಆ ಎರಡು ಅಂಕಿಗಳೇ ಬಿ.ಪಿ. ಎಲ್ಲವೂ ಕಿವಿಯ ಮೇಲೆ ನಿಂತಿದೆ. "ಬ್ಯಾಟರಿ ಮಷೀನು ನಂಬಿ ಕೂಡ್ರಬ್ಯಾಡ್ರಿ, ಅದು ಕೈ ಕೊಟ್ಟ ದಿನ ನಿಮ್ಮ ಕಿವೀನೇ ಮಷೀನು" ಎಂದು ವಿಮಲಾ ಸಿಸ್ಟರ್ ಹೇಳಿದಾಗ ನನ್ನ ಕೈ ತಾನಾಗಿ ಎಡಗಿವಿಗೆ ಹೋಯಿತು.

ತರಗತಿಯ ನಿಶ್ಶಬ್ದದಲ್ಲಿ ಬಲಗಿವಿಗೆ ಅದು ಕೇಳುತ್ತಿತ್ತು. ದೂರದ ಮನೆಯಲ್ಲಿ ಯಾರೋ ಹಿಟ್ಟು ತಟ್ಟಿದ ಹಾಗೆ. ಆದರೆ ವಾರ್ಡು ಎಂದರೆ ತರಗತಿಯಲ್ಲ. ಎಂಟು ಹಾಸಿಗೆ, ಹದಿನಾರು ಸಂಬಂಧಿಕರು, ಊಟದ ಡಬ್ಬಿ, ಹೊರಗೆ ಆಟೋ, ಒಳಗೆ ಮೊಬೈಲು. ಸಿಸ್ಟರ್ ಅವರ ವಾರ್ಡಿಗೆ ನಮ್ಮನ್ನು ತರಬೇತಿಗೆ ಹಾಕಿದ ಮೊದಲ ವಾರವೇ ಜ್ವರದಿಂದ ಮಲಗಿದ್ದ ಹೆಂಗಸೊಬ್ಬಳಿಗೆ ಪಟ್ಟಿ ಕಟ್ಟಿದೆ. ಪಾದರಸ ಇಳಿಯಿತು. ಏನೂ ಕೇಳಲಿಲ್ಲ. ಮತ್ತೆ ಏರಿಸಿದೆ. ಈ ಸಲ ಕೇಳಿಸಿತು, ಆದರೆ ಅದು ನನ್ನದೇ ಎದೆಯ ಬಡಿತ. ಅಷ್ಟರಲ್ಲಿ ಆಕೆಯ ಗಂಡ, "ಎಷ್ಟೈತ್ರಿ?" ಎಂದ.

"ಕೇಳಲಿಲ್ಲ" ಎಂದು ಹೇಳಬಹುದಿತ್ತು. ಹೇಳಿದರೆ ಸಿಸ್ಟರ್ ಬರುತ್ತಾರೆ, ಯಾಕೆ ಕೇಳಲಿಲ್ಲ ಎನ್ನುತ್ತಾರೆ, ಸರ್ಟಿಫಿಕೇಟು ತೆಗೆಸುತ್ತಾರೆ. ಆ ಅರ್ಧ ನಿಮಿಷದಲ್ಲಿ ನಾನು ಪೊಲೀಸ್ ಸ್ಟೇಷನ್ನಿನವರೆಗೂ ಹೋಗಿಬಂದೆ. ಕೇಸ್ ಶೀಟಿನಲ್ಲಿ ಬೆಳಿಗ್ಗೆಯ ಅಂಕಿ ನೂರಾ ಮೂವತ್ತು, ಎಂಬತ್ತನಾಲ್ಕು ಇತ್ತು. ನಾನು ನೂರಾ ಇಪ್ಪತ್ತೆಂಟು, ಎಂಬತ್ತೆರಡು ಎಂದು ಬರೆದೆ.

ಏನೂ ಆಗಲಿಲ್ಲ. ಆಕೆ ಗುಣವಾಗಿ ಮನೆಗೆ ಹೋದಳು. ಏನೂ ಆಗದಿದ್ದದ್ದೇ ಕೆಟ್ಟದ್ದಾಯಿತು.

ಆಮೇಲಿನ ಐದು ವಾರ ನಾನು ಹೆದರಿಕೆಯನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಹರಿಹರದಿಂದ ಬಸ್ಸು ಹತ್ತುತ್ತಿದ್ದೆ. ಕೆಲವು ಸಲ ಕೇಳಿಸುತ್ತಿತ್ತು, ಆಗ ನಿಜ ಬರೆಯುತ್ತಿದ್ದೆ. ಕೇಳದಿದ್ದಾಗ ಹಿಂದಿನ ಅಂಕಿ ನೋಡಿ ಎರಡು ಕಮ್ಮಿಯೋ ನಾಲ್ಕು ಹೆಚ್ಚೋ ಮಾಡುತ್ತಿದ್ದೆ. ಸುಳ್ಳಿಗೂ ಒಂದು ಕಸುಬುದಾರಿಕೆ ಇದೆ ನೋಡಿ. ನೂರಾ ಇಪ್ಪತ್ತು, ಎಂಬತ್ತು ಎಂದು ಬರೆದರೆ ಯಾರಾದರೂ ಅನುಮಾನಪಡುತ್ತಾರೆ. ನೂರಾ ಹದಿನೆಂಟು, ಎಪ್ಪತ್ತಾರು ಎಂದರೆ ಯಾರೂ ಕೇಳುವುದಿಲ್ಲ. ಅಷ್ಟು ಚಿಲ್ಲರೆ ಅಂಕಿಯನ್ನು ಯಾರು ತಾನೇ ಕಲ್ಪಿಸಿಕೊಂಡು ಬರೆಯುತ್ತಾರೆ?

ಮನೆಯಲ್ಲಿ ಅನ್ನ ಸೇರುತ್ತಿರಲಿಲ್ಲ. ಮಗಳು "ಅಮ್ಮ, ಕರೆದ್ರೂ ಓಗೊಡಲ್ಲ" ಎಂದಳು. ಬಲಗಿವಿಯೂ ಹೋಯಿತೇನೋ ಎಂದು ಬಚ್ಚಲಿನಲ್ಲಿ ನಿಂತು ನಲ್ಲಿ ಬಿಟ್ಟು ನೀರಿನ ಸದ್ದು ಕೇಳಿಸಿಕೊಳ್ಳುತ್ತಿದ್ದೆ. ಮಂಜುನಾಥ ಒಂದು ದಿನ, "ನಿನಗೆ ಆಗದಿದ್ರೆ ಬಿಟ್ಬಿಡು, ಯಾರೂ ಏನೂ ಅನ್ನಲ್ಲ" ಎಂದ. ಬಿಡಲು ಮನಸ್ಸಿರಲಿಲ್ಲ. ರೋಗಿಗಳು ನನ್ನನ್ನು ಹೆಸರಿಟ್ಟು ಕರೆಯಲು ಶುರುಮಾಡಿದ್ದರು. ಮೂವತ್ತಮೂರು ವರ್ಷದಲ್ಲಿ ಮೊದಲ ಸಲ ನಾನು ಯಾರದೋ ಮಗಳು, ಯಾರದೋ ಹೆಂಡತಿ ಅಲ್ಲದೆ ಸುಜಾತ ಆಗಿದ್ದೆ.

ಹಾಲಮ್ಮ ಬಂದದ್ದು ಆ ದಿನಗಳಲ್ಲಿ. ಐವತ್ತು ದಾಟಿದ ಹೆಂಗಸು, ಲೋಕಿಕೆರೆಯ ಪಕ್ಕದ ಹಳ್ಳಿಯವರು. ಗರ್ಭಕೋಶದ ಆಪರೇಷನ್ನಿಗೆ ಸೇರಿದ್ದರು. ನನ್ನ ತವರು ಯಾವುದೆಂದು ತಿಳಿದ ಕೂಡಲೇ, "ಲೋಕಿಕೆರೆ ಹುಡುಗೀನಾ ನೀನು? ಹಂಗಾದ್ರೆ ನನಗೆ ಇನ್ಯಾತರ ಹೆದರಿಕೆ?" ಎಂದು ನನ್ನ ಕೈ ಹಿಡಿದುಕೊಂಡರು. ಮಗಳು ರೂಪ ಜೊತೆಯಲ್ಲಿದ್ದಳು. ಹೊಲದ ಕೆಲಸ ಬಿಟ್ಟು ಬಂದ ಗಟ್ಟಿ ಹುಡುಗಿ, ಮಾತು ಕಮ್ಮಿ. ತಾಯಿಗೆ ಕೊಟ್ಟ ಪ್ರತಿ ಮಾತ್ರೆಯ ಬಣ್ಣವನ್ನೂ ನೆನಪಿಟ್ಟುಕೊಳ್ಳುತ್ತಿದ್ದಳು.

ಆಪರೇಷನ್ ಬೆಳಿಗ್ಗೆಯೇ ಮುಗಿಯಿತು. ಹಾಲಮ್ಮನನ್ನು ವಾರ್ಡಿಗೆ ತಂದರು. ಅರ್ಧ ಗಂಟೆಗೊಮ್ಮೆ ನಾಡಿ, ಬಿ.ಪಿ. ನೋಡಿ ಬರೆಯಬೇಕಿತ್ತು. ಒಂದು ಗಂಟೆಯದನ್ನು ವಿಮಲಾ ಸಿಸ್ಟರ್ ತಾವೇ ನೋಡಿದರು. ಎಲ್ಲ ಸರಿಯಾಗಿತ್ತು. "ಒಂದೂವರೆದು ನೀನು ನೋಡಿ ಬರಿ ಸುಜಾತ, ನಾನು ಔಷಧಿ ಲೆಕ್ಕ ಒಪ್ಪಿಸ್ತೀನಿ" ಎಂದು ಹೋದರು. ಎರಡಕ್ಕೆ ಪಾಳಿ ಬದಲಾಗುತ್ತಿತ್ತು. ಬ್ಯಾಟರಿ ಮಷೀನು ಆ ದಿನ ಕೆಟ್ಟಿತ್ತು.

ನಾನು ಮೊದಲು ನಾಡಿ ಹಿಡಿದೆ. ನಾಡಿಗೆ ಕಿವಿ ಬೇಡ, ಬೆರಳು ಸಾಕು. ಅದನ್ನು ನಾನು ಯಾವತ್ತೂ ಸುಳ್ಳು ಎಣಿಸಿದವಳಲ್ಲ. ಬೆರಳ ಕೆಳಗೆ ನಾಡಿ ದಾರದ ಹಾಗೆ ಸಣ್ಣಗೆ ಓಡುತ್ತಿತ್ತು. ಒಂದು ನಿಮಿಷಕ್ಕೆ ನೂರಾ ಹದಿನಾರು. ಕೈ ತಣ್ಣಗೆ, ಬೆವತು ಜಿಗುಟಾಗಿತ್ತು. ಹಾಲಮ್ಮ ಆಕಳಿಸಿದರು. "ಬಾಯಿ ಆರ್ತೈತೆ ತಾಯಿ, ಒಂಚೂರು ನೀರು ಕೊಡು" ಎಂದರು. ಈಗ ಕೊಡುವ ಹಾಗಿಲ್ಲ ಎಂದು ತುಟಿ ಒದ್ದೆ ಮಾಡಿದೆ. ಮತ್ತೆ ಆಕಳಿಸಿದರು. "ನಿದ್ದೆ ಬಂದಂಗಾಗ್ತೈತೆ."

"ಮಲಗ್ರಿ" ಎಂದೆ.

ಪಟ್ಟಿ ಕಟ್ಟಿದೆ. ಪಕ್ಕದ ಹಾಸಿಗೆಯ ಸುತ್ತ ನೆಂಟರು ಬಂದು ನಗುತ್ತಿದ್ದರು. ಪಾದರಸ ಇಳಿಯಿತು, ಇಳಿಯಿತು, ಎಂಬತ್ತಕ್ಕೂ ಕೆಳಗೆ ಹೋಯಿತು. ಏನೂ ಇಲ್ಲ. ಇನ್ನೊಮ್ಮೆ ಏರಿಸಿದೆ. ಏನೂ ಇಲ್ಲ. ಇದು ನನ್ನ ಕಿವಿಯ ತಪ್ಪೋ ನಿಜವಾಗಿ ಸದ್ದೇ ಇಲ್ಲವೋ ಎಂಬ ಪ್ರಶ್ನೆ ಆಗ ಬರಬೇಕಿತ್ತು. ಬರಲಿಲ್ಲ. ಐದು ವಾರದ ಅಭ್ಯಾಸಕ್ಕೆ ನನ್ನ ಕೈ ತಾನಾಗಿ ಪೆನ್ನು ತೆಗೆಯಿತು. ನೂರಾ ಹದಿನೆಂಟು, ಎಪ್ಪತ್ತಾರು.

ಬರೆದ ಮೇಲೆ ನಾಡಿಯ ಕಾಲಂ ನೋಡಿದೆ. ಇಷ್ಟು ಒಳ್ಳೆಯ ಬಿ.ಪಿ. ಪಕ್ಕದಲ್ಲಿ ನೂರಾ ಹದಿನಾರು ಎಂಬ ನಾಡಿ ಕೂರಲೊಲ್ಲದು, ಯಾರಾದರೂ ಕರೆದು ಕೇಳುತ್ತಾರೆ. ಎಂಬತ್ತೆಂಟು ಎಂದು ಬರೆದೆ. ನನ್ನ ಬೆರಳು ಕಂಡುಹಿಡಿದ ಒಂದೇ ಒಂದು ನಿಜವನ್ನೂ ಹಾಗೆ ಅಳಿಸಿದೆ.

ಎರಡು ಗಂಟೆಗೆ ಹೊರಬಿದ್ದೆ. ಮಧ್ಯಾಹ್ನದ ಪಾಳಿಗೆ ಬಂದ ರೇಷ್ಮಾ ಬಾಗಿಲಲ್ಲಿ ಸಿಕ್ಕಿ, "ಅಕ್ಕ, ಮುಖ ಯಾಕ ಹಂಗೈತೆ?" ಎಂದಳು. ತಲೆನೋವು ಎಂದೆ. ಹರಿಹರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಊರು ದಾಟಿ ಹೆದ್ದಾರಿಗೆ ಬಂದಾಗ ಎದುರಿನ ಸೀಟಿನ ಹೆಂಗಸು ಸೆರಗು ಬಾಯಿಗೆ ಹಿಡಿದು ಆಕಳಿಸಿದಳು. ಮತ್ತೊಮ್ಮೆ ಆಕಳಿಸಿದಳು.

ವಿಮಲಾ ಸಿಸ್ಟರ್ ತರಗತಿಯಲ್ಲಿ ಮೆತ್ತಗೆ ಹೇಳಿದ್ದು ಆಗ ಪೂರ್ತಿ ಕೇಳಿಸಿತು. ಆಪರೇಷನ್ ಆದವರಿಗೆ ಬಾಯಾರಿಕೆ, ತಣ್ಣನೆ ಕೈ, ಓಡುವ ನಾಡಿ, ಮೇಲಿಂದ ಮೇಲೆ ಆಕಳಿಕೆ ಬಂದರೆ ನಿದ್ದೆ ಅಂದುಕೊಳ್ಳಬ್ಯಾಡ್ರಿ. ಒಳಗೆ ಎಲ್ಲೋ ರಕ್ತ ಹೋಗ್ತಿರ್ತೈತೆ.

ಬಸ್ಸಿನೊಳಗೆ ನನ್ನ ಕೈಕಾಲೂ ಹಾಲಮ್ಮನ ಕೈಯಷ್ಟೇ ತಣ್ಣಗಾದವು. ರೇಷ್ಮಾಗೆ ಫೋನ್ ಮಾಡಿದೆ. ಪಾಳಿಯಲ್ಲಿ ಫೋನುಗಳು ಬೀರುವಿನಲ್ಲಿರುತ್ತವೆ, ಎತ್ತಲಿಲ್ಲ. ಗುರುತಿನ ಚೀಟಿಯ ಹಿಂದಿದ್ದ ಆಸ್ಪತ್ರೆಯ ನಂಬರಿಗೆ ಮಾಡಿದೆ. "ಹೆಂಗಸರ ವಾರ್ಡಿನ ಮೂರನೇ ಬೆಡ್ಡಿನವ್ರ ಬಿ.ಪಿ. ನೋಡ್ರಿ ಅಂತ ಹೇಳ್ರಿ, ಬೇಗ" ಎಂದೆ. ಆ ಕಡೆಯ ಹುಡುಗಿ ಏನೋ ಹೇಳಿದಳು. ಬಸ್ಸಿನ ಸದ್ದಿನಲ್ಲಿ ಒಂದೂ ತಿಳಿಯಲಿಲ್ಲ. "ಏನಂದ್ರಿ?" ಎಂದೆ. "ಪೇಷಂಟ್ ಕಡೆಯವ್ರು ನಾಲ್ಕಕ್ಕೆ ಬರ್ರಿ" ಎಂದು ಕೂಗಿ ಇಟ್ಟಳು. ನಾನು ಯಾರು, ಯಾಕೆ ಕೇಳುತ್ತಿದ್ದೇನೆ ಎಂದು ಹೇಳಿದ್ದರೆ ಇಡುತ್ತಿರಲಿಲ್ಲವೇನೋ. ಅಷ್ಟು ಹೊತ್ತಿನಲ್ಲೂ ನನ್ನ ಬಾಯಿ ಅದೊಂದನ್ನು ಹೇಳಲಿಲ್ಲ.

ದೊಡ್ಡಬಾತಿಯಲ್ಲಿ ಇಳಿದೆ. "ಹರಿಹರಕ್ಕೆ ಟಿಕೆಟ್ ತಗೊಂಡಿದ್ದೀರಲ್ಲಮ್ಮ" ಎಂದು ಕಂಡಕ್ಟರ್ ಕೂಗಿದ್ದು ಬೆನ್ನಿಗೆ ಬಿತ್ತು. ಲಾರಿಗಳ ನಡುವೆ ಹೆದ್ದಾರಿ ದಾಟಿದೆ. ದಾಟುವಾಗ ಎಡಗಡೆಯಿಂದ ಬರುವುದು ನನಗೆ ಕೇಳುವುದಿಲ್ಲ ಎಂಬುದೇ ಮರೆತಿತ್ತು. ಆ ಕಡೆಯಿಂದ ಬಂದ ಆಟೋಗೆ ಅಡ್ಡ ನಿಂತು ಹತ್ತಿದೆ. ದಾರಿಯುದ್ದಕ್ಕೂ ಹಾಲಮ್ಮನಿಗೆ ಏನೂ ಆಗಿರಬಾರದು ಎಂದು ಬೇಡಿಕೊಂಡೆ. ನಡುನಡುವೆ, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೂ ಏನೂ ಆಗಬಾರದು ಎಂದು ಬೇಡಿಕೊಂಡೆ. ಎರಡರಲ್ಲಿ ಯಾವುದು ಹೆಚ್ಚು ಸಲ ಎಂದು ಕೇಳಬೇಡಿ.

ವಾರ್ಡಿನ ಬಾಗಿಲಿಗೆ ಬಂದು ನೋಡಿದರೆ ಮೂರನೇ ಹಾಸಿಗೆ ಖಾಲಿ. ರೇಷ್ಮಾ ಆ ಹಾಸಿಗೆಯ ಬಟ್ಟೆ ಎಳೆಯುತ್ತಿದ್ದಳು. ನಾನು ನೆಟ್ಟಗೆ ಅವಳ ಬಳಿ ಹೋದೆ.

"ಎಲ್ಲಿ?" ಎಂದೆ.

"ಆಪರೇಷನ್ ಥಿಯೇಟರಿಗೆ ವಾಪಸ್ ಒಯ್ದ್ರು ಅಕ್ಕ. ಎರಡೂವರೆಗೆ ಬಿ.ಪಿ. ಎಪ್ಪತ್ತಕ್ಕೆ ಬಂದಿತ್ತು. ಒಳಗೆ ರಕ್ತ ಹೋಗ್ತೈತಂತೆ." ರೇಷ್ಮಾಳ ಮುಖದಲ್ಲಿ ನಗುವಿನ ಸುಳಿವಿರಲಿಲ್ಲ. "ಒಂದೂವರೆಗೆ ಚೆನ್ನಾಗೇ ಇತ್ತಲ್ಲ, ನೀವೇ ಬರ್ದಿದ್ರಿ. ಅದಕ್ಕೆ ಎರಡು ಗಂಟೆದು ನೋಡೋಕೆ ನಾವು ಅವಸರ ಮಾಡ್ಲಿಲ್ಲ."

ವಿಮಲಾ ಸಿಸ್ಟರ್ ಇನ್ನೂ ಮನೆಗೆ ಹೋಗಿರಲಿಲ್ಲ. ಥಿಯೇಟರಿನ ಹೊರಗಿನ ಮೇಜಿನ ಬಳಿ ನಿಂತು ರಕ್ತದ ಬಾಟಲಿ ತರಿಸಲು ಫೋನ್ ಮಾಡುತ್ತಿದ್ದರು. ಫೋನ್ ಇಟ್ಟ ಕೂಡಲೇ ಅವರ ಮುಂದೆ ನಿಂತೆ.

"ಒಂದೂವರೆದು ಸುಳ್ಳು ಸಿಸ್ಟರ್. ನನಗೆ ಕೇಳ್ಸಲಿಲ್ಲ. ನಾನು ಸುಮ್ನೆ ಬರ್ದೆ."

ಅವರು ನನ್ನನ್ನು ಒಂದು ಕ್ಷಣ ನೋಡಿದರು, ಅಷ್ಟೇ. "ನಾಡಿ?"

"ಅದೂ ಸುಳ್ಳು. ಎಣಿಸಿದ್ದು ನೂರಾ ಹದಿನಾರು. ಕೈ ತಣ್ಣಗಿತ್ತು. ಬಾಯಾರಿಕೆ ಅಂದ್ರು. ಆಕಳಿಸಿದ್ರು, ಎರಡು ಸಲ."

ಅವರು ಕೇಸ್ ಶೀಟ್ ತೆಗೆದುಕೊಂಡು ನೆಟ್ಟಗೆ ಥಿಯೇಟರಿನ ಒಳಗೆ ಹೋದರು. ರಕ್ತ ಹೋಗಲು ಶುರುವಾಗಿ ಎಷ್ಟು ಹೊತ್ತಾಗಿದೆ ಎಂಬುದು ಒಳಗಿದ್ದವರಿಗೆ ಬೇಕಿತ್ತು. ಹಾಳೆಯ ಪ್ರಕಾರ ಅದು ಈಗಷ್ಟೇ ಶುರುವಾದದ್ದು. ನನ್ನ ಬೆರಳಿನ ಪ್ರಕಾರ ಒಂದು ಗಂಟೆಗೂ ಹಿಂದೆ. ಒಳಗಿದ್ದ ಡಾಕ್ಟರು, ತರಿಸುತ್ತಿದ್ದ ರಕ್ತದ ಜೊತೆಗೆ ಇನ್ನಷ್ಟು ತರಿಸಲು ಹೇಳಿದರೆಂದು ಆಮೇಲೆ ತಿಳಿಯಿತು.

ನಾನು ಬೆಂಚಿನ ಮೇಲೆ ಕೂತೆ. ಇನ್ನೊಂದು ತುದಿಯಲ್ಲಿ ರೂಪ ಕೂತಿದ್ದಳು, ತಾಯಿಯ ಚಪ್ಪಲಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು. "ಅಕ್ಕ, ನಮ್ಮವ್ವಂಗೆ ಏನೂ ಆಗಲ್ಲ ಅಲ್ಲ?" ಎಂದಳು. ನಾನು ಹತ್ತಿರ ಇದ್ದೇನೆಂಬುದೇ ಅವಳಿಗೆ ಧೈರ್ಯವಾಗಿತ್ತು. ಥಿಯೇಟರಿನ ಬಾಗಿಲು ತೆರೆಯುವವರೆಗಿನ ಒಂದೂವರೆ ತಾಸನ್ನು ನಾನು ಹೇಗೆ ಕಳೆದೆ ಎಂದು ಬರೆಯಲು ಇವತ್ತಿಗೂ ಪದ ಸಿಗುವುದಿಲ್ಲ.

ಹಾಲಮ್ಮ ಬದುಕಿದರು.

ವಿಮಲಾ ಸಿಸ್ಟರ್ ಹೊರಬಂದು ರೂಪಳಿಗೆ ಅದನ್ನು ಹೇಳಿ, ನನ್ನನ್ನು ಬಟ್ಟೆಯ ಕೋಣೆಗೆ ಕರೆದುಕೊಂಡು ಹೋದರು. "ಎಷ್ಟು ದಿನದಿಂದ?" ಎಂದರು. ಐದು ವಾರ ಎಂದೆ. ಅವರು ಚಾದರದ ಗಂಟಿನ ಮೇಲೆ ಕೂತುಬಿಟ್ಟರು. ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಇಬ್ಬರೂ ಐದು ವಾರದ ಹಾಳೆಗಳನ್ನು ತೆಗೆದು ಕೂತೆವು. ನನ್ನ ಅಕ್ಷರದಲ್ಲಿದ್ದ ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು, "ಇದು?" ಎಂದು ಕೇಳುತ್ತಾ ಹೋದರು. ನಿಜ. ಸುಳ್ಳು. ಸುಳ್ಳು. ನಿಜ. ಇನ್ನೂ ವಾರ್ಡಿನಲ್ಲೇ ಇದ್ದವರ ಬಿ.ಪಿ.ಯನ್ನು ಆಗಿಂದಾಗಲೇ ಮತ್ತೆ ನೋಡಿಸಿದರು. ಹೊರಟುಹೋಗಿದ್ದವರಿಗೆ ಫೋನ್ ಮಾಡಿಸಿದರು. ಒಮ್ಮೆಯೂ ದನಿ ಏರಿಸಲಿಲ್ಲ. ಅವರ ಮೆತ್ತಗಿನ ಮಾತು ಆ ದಿನ ಒಂದಕ್ಷರ ಬಿಡದೆ ನನಗೆ ಕೇಳಿಸಿತು. ಕೇಳಿಸದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

"ಕಿವಿ ಒಂದು ಸರಿ ಇಲ್ಲದಿದ್ರೆ ಈ ಕೆಲಸ ಮಾಡೋಕಾಗಲ್ಲ ಅಂತ ನಿನಗೆ ಯಾರು ಹೇಳಿದ್ರು?" ಎಂದರು ಕೊನೆಗೆ. ಯಾರೂ ಹೇಳಿರಲಿಲ್ಲ. ನಾನು ಯಾರನ್ನೂ ಕೇಳಿರಲಿಲ್ಲ.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಎಡಗಿವಿಯ ತಮಟೆಯಲ್ಲಿ ತೂತಿದೆ, ಬಲಗಿವಿ ಚೆನ್ನಾಗಿದೆ, ಇದೊಂದೇ ಸಾಕು ಎಂದರು. ಸಂಸ್ಥೆಯ ಪ್ರಾಂಶುಪಾಲರು ನನ್ನನ್ನು ಹೊರಗೆ ಹಾಕಲು ಕಾಗದ ಬರೆಸಿದ್ದರು. ಬರೆಸಿದ್ದು ಸರಿಯಾಗಿಯೇ ಇತ್ತು. ವಿಮಲಾ ಸಿಸ್ಟರ್ ಹೋಗಿ ಏನು ಮಾತಾಡಿದರೋ ಗೊತ್ತಿಲ್ಲ. ವಾರ್ಡಿನ ತರಬೇತಿ ಮೊದಲಿನಿಂದ ಮತ್ತೆ, ನಾನು ನೋಡಿದ ಪ್ರತಿ ಬಿ.ಪಿ.ಯನ್ನೂ ಇನ್ನೊಬ್ಬರು ನೋಡಬೇಕು, ಇನ್ನೊಂದು ಸುಳ್ಳು ಅಂಕಿ ಕಂಡರೆ ಅದೇ ಕೊನೆ ಎಂದು ತೀರ್ಮಾನವಾಯಿತು. ನನ್ನ ಜೊತೆಯವರೆಲ್ಲ ಮುಗಿಸಿ ಹೋದ ಮೇಲೂ ನಾನು ಮೂರು ತಿಂಗಳು ಅಲ್ಲೇ ಉಳಿದೆ.

"ಹಾಲಮ್ಮಂಗೆ ನೀನೇ ಹೇಳ್ಬೇಕು" ಎಂದಿದ್ದರು ಸಿಸ್ಟರ್. ಮತ್ತೆ ಥಿಯೇಟರಿಗೆ ಒಯ್ದ ಮೂರನೇ ದಿನ ಹಾಲಮ್ಮ ದಿಂಬಿಗೆ ಒರಗಿ ಕೂರುವಂತಾದಾಗ ಹೋಗಿ ಹೇಳಿದೆ. ಚಾನಲ್ಲಿನಿಂದ ಶುರುಮಾಡಲು ಹೊರಟಿದ್ದೆ. ರೂಪ ತಡೆದು, "ಏನಾತು ಅಷ್ಟು ಹೇಳ್ರಿ" ಎಂದಳು. ಹೇಳಿದೆ. ಹಾಲಮ್ಮ ಮುಖ ಗೋಡೆಯ ಕಡೆ ತಿರುಗಿಸಿದರು.

"ನಾನು ನಿಮ್ಮನ್ನೇ ಕೇಳಿದ್ನಲ್ಲ, ಏನೂ ಆಗಲ್ಲ ಅಲ್ಲ ಅಂತ" ಎಂದಳು ರೂಪ. "ಬಾಜೂನೇ ಕೂತಿದ್ರಿ." ತಾಯಿಯ ಹೊದಿಕೆಯನ್ನು ಎದೆವರೆಗೂ ಎಳೆದಳು. "ಇನ್ನು ನಮ್ಮವ್ವನ ಮೈ ಮುಟ್ಟಬ್ಯಾಡ್ರಿ."

ಮುಟ್ಟಲಿಲ್ಲ. ಅವರಿದ್ದ ಅಷ್ಟೂ ದಿನ ಮೂರನೇ ಹಾಸಿಗೆಯನ್ನು ಬಿಟ್ಟು ಉಳಿದ ಏಳನ್ನು ಹಾಸಿದೆ, ಬೆಡ್‌ಪ್ಯಾನು ತೊಳೆದೆ, ಕಿಟಕಿ ಒರೆಸಿದೆ. ಆ ಕಡೆ ಬೆನ್ನು ಹಾಕಿ ನಿಂತರೂ ರೂಪಳ ಕಣ್ಣು ಬೆನ್ನಿಗೆ ತಾಗುತ್ತಿತ್ತು.

ಅವರು ಮನೆಗೆ ಹೊರಡುವ ಬೆಳಿಗ್ಗೆ ಕೊನೆಯ ಸಲ ಬಿ.ಪಿ. ನೋಡಬೇಕಿತ್ತು. ವಿಮಲಾ ಸಿಸ್ಟರ್ ಪಾದರಸದ ಡಬ್ಬಿ ಹಿಡಿದು ಹೋದಾಗ ಹಾಲಮ್ಮ, "ಆಕೆ ನೋಡ್ಲಿ" ಎಂದರು. ರೂಪ "ಅವ್ವಾ" ಎಂದಳು. ಹಾಲಮ್ಮ ಆಗಲೇ ತೋಳು ಚಾಚಿದ್ದರು. ನನ್ನತ್ತ ತಿರುಗಿ, "ಬಾ. ಎಷ್ಟೈತೋ ಅಷ್ಟೇ ಹೇಳು" ಎಂದರು. ದನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ. ಕ್ಷಮಿಸಿದ್ದರೆಂದು ನಾನು ಹೇಳಲಾರೆ.

ಪಟ್ಟಿ ಸುತ್ತಿದೆ. ಗಾಳಿ ತುಂಬಿದೆ, ಬಿಟ್ಟೆ. ವಾರ್ಡು ತುಂಬ ಬೆಳಗಿನ ಗದ್ದಲ. ಪಾದರಸ ನೂರಾ ನಲವತ್ತು ದಾಟಿತು, ನೂರು ದಾಟಿತು, ತಳಕ್ಕೆ ಬಂತು. ಕೇಳಿಸಿದ್ದು ನನ್ನ ಎದೆಯ ಬಡಿತ ಒಂದೇ. ಕೇಸ್ ಶೀಟು ಪಕ್ಕದಲ್ಲೇ ತೆರೆದಿತ್ತು. ಬೆಳಗಿನ ಜಾವದ ಅಂಕಿ ಅಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಮೂವರೂ ನನ್ನ ಮುಖ ನೋಡುತ್ತಿದ್ದರು.

"ಕೇಳ್ಸಲಿಲ್ಲ" ಎಂದೆ.

ನನ್ನ ಕಣ್ಣು ಮಂಜಾಗಿದ್ದವು. "ನನಗೆ ಕೇಳ್ಸಲಿಲ್ರಿ. ಇನ್ನೊಂದ್ಸಲ ನೋಡ್ತೀನಿ."

ಹಾಲಮ್ಮ ತೋಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ರೂಪ ಎದ್ದಳು. ನನ್ನ ಕೈಯಿಂದ ಸ್ಟೆತಾಸ್ಕೋಪ್ ಕಿತ್ತುಕೊಳ್ಳುತ್ತಾಳೆ ಎಂದೇ ಅಂದುಕೊಂಡೆ. ಅವಳು ನನ್ನನ್ನು ದಾಟಿ ಹೋಗಿ ವಾರ್ಡಿನ ಬಾಗಿಲು ಹಾಕಿದಳು. ಆಮೇಲೆ ಪಕ್ಕದ ಹಾಸಿಗೆಯ ಸುತ್ತ ನಿಂತಿದ್ದ ನೆಂಟರ ಕಡೆ ತಿರುಗಿ, "ಒಂಚೂರು ಸುಮ್ನಿರ್ರಿ. ಆಕೆಗೆ ಕೇಳ್ಸಬೇಕು" ಎಂದಳು.